ಇನ್ನೊಂದು ಮನೆಯ ಹೆಪ್ಪು

ನನ್ನ ಹೆಸರಿನ ಮುಂದೆ ಈಗ ಪ್ರೊಫೆಸರ್ ಎಂದಿದೆ, ಹಿಂದೆ ಪದವಿಗಳ ಒಂದು ಸಾಲೇ ಇದೆ. ದೇಶದೇಶಗಳ ನಡುವಿನ ವ್ಯಾಪಾರ, ಜಗಳ, ಒಪ್ಪಂದಗಳ ಬಗ್ಗೆ ನಾನು ಬರೆದ ಪುಸ್ತಕಗಳನ್ನು ನಾನು ಕಂಡು ಕೇಳದ ಊರುಗಳ ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಇಟ್ಟಿದ್ದಾರೆ. ದೊಡ್ಡವರು ತಮ್ಮ ಬಗ್ಗೆ ಹೇಳಿಕೊಳ್ಳಬೇಕಾಗಿ ಬಂದಾಗ ಒಂದು ಸಲ ಕೆಮ್ಮಿ, ನೆಲ ನೋಡಿ, ‘ಏನೋ ನಮ್ಮದೊಂದು ಅಳಿಲುಸೇವೆ’ ಎನ್ನುತ್ತಾರೆ. ನನಗೆ ಅದು ಬರುವುದಿಲ್ಲ. ಕಷ್ಟಪಟ್ಟು ಸಂಪಾದಿಸಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಯಾಕೆ ಓಡಾಡಬೇಕು? ನಾನು ಹೆಮ್ಮೆಯ ಹೆಂಗಸು. ನಮ್ಮವ್ವ ಸಾವಂತ್ರೆವ್ವ ಕೂಡ ಹಾಗೇ ಇದ್ದಳು. ಅವಳ ಹೆಮ್ಮೆ ಮೊಸರಿನ ಗಡಿಗೆಯ ಬಗ್ಗೆ, ನನ್ನದು ಸಿದ್ಧಾಂತದ ಬಗ್ಗೆ, ಅಷ್ಟೇ ವ್ಯತ್ಯಾಸ.

ನಮ್ಮ ಊರಿನಲ್ಲಿ ಸ್ವಂತ ಮನೆಯ ಹೆಪ್ಪು ಹಾಕಿದರೆ ಹಾಲು ಮೊಸರಾಗುವುದಿಲ್ಲ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಕೂತಿರುತ್ತದೆ. ಬೇರೆ ಮನೆಯಿಂದ ಒಂದು ಚಮಚ ತಂದು ಹಾಕಿದರೆ ಮಾತ್ರ ಹೆಪ್ಪುಗಟ್ಟುತ್ತದೆ. ಹೀಗಾಗಿ ಸಂಜೆಯಾಯಿತೆಂದರೆ ಬೀದಿ ತುಂಬ ಬಟ್ಟಲು ಹಿಡಿದ ಹೆಂಗಸರು, ಮಕ್ಕಳು, ಒಮ್ಮೊಮ್ಮೆ ಪಂಚೆ ಎತ್ತಿಕಟ್ಟಿದ ಗಂಡಸರು. ಹೆಣ್ಣು ಕೊಡುವವರು ವರನ ಸಂಬಳ ಕೇಳುವ ಮೊದಲು ಆ ಮನೆಗೆ ಎಷ್ಟು ಮನೆಗಳಿಂದ ಹೆಪ್ಪು ಬರುತ್ತದೆ ಎಂದು ವಿಚಾರಿಸುತ್ತಾರೆ. ಅಣ್ಣತಮ್ಮಂದಿರು ಪಾಲಾದ ದಿನ ಎಲ್ಲರೂ ಅತ್ತು ಕರೆದು, ಕೊನೆಗೆ, ‘ಇರಲಿ ಬಿಡು, ಇನ್ನ ಮ್ಯಾಲೆ ಒಬ್ಬರ ಹೆಪ್ಪು ಒಬ್ಬರಿಗೆ ಆಗತೈತಿ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಜಗಳಗಳೂ ಇರುತ್ತವೆ. ಆದರೆ ಬಾಯಿ ಮಾಡುವ ಮೊದಲು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ, ಈ ಮನೆ ಹೋದರೆ ಇನ್ಯಾವ ಮನೆ ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಕೊಡುವುದು ದೊಡ್ಡ ಮಾತಲ್ಲ, ಎಲ್ಲರೂ ಕೊಡುತ್ತಾರೆ. ಬೇರೆಯವರು ಬಾಗಿಲಿಗೆ ಬಂದು ಕೇಳುವುದೇ ಗೌರವ. ನಮ್ಮವ್ವನ ಮೊಸರು ಬಟ್ಟಲು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ, ಅರ್ಧ ಓಣಿ ನಮ್ಮ ಬಾಗಿಲಿಗೆ ಬರುತ್ತಿತ್ತು. ಆ ಹೊತ್ತಿಗೆ ಅವಳು ಬೇಕೆಂದೇ ಒಳಮನೆಯಲ್ಲಿ ಕೂತಿದ್ದು, ಎರಡು ಸಲ ಕೂಗಿಸಿಕೊಂಡು ಹೊರಗೆ ಬರುತ್ತಿದ್ದಳು.

ಎದುರುಮನೆಯ ತಂಗೆವ್ವ ಮಾತ್ರ ಬರುತ್ತಿರಲಿಲ್ಲ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಯಾವುದೋ ಮದುವೆಯ ಪಂಕ್ತಿಯಲ್ಲಿ ಅವಳು, ‘ಸಾವಂತ್ರೆವ್ವನ ಮೊಸರು ನೀರು ಬಿಟ್ಟೈತಿ’ ಎಂದಿದ್ದಳಂತೆ. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ, ನೋಟವಿಲ್ಲ. ಆದರೆ ನಮ್ಮ ಮನೆಗೆ ಹೆಪ್ಪು ಬರುತ್ತಿದ್ದದ್ದು ಪಕ್ಕದ ಮನೆಯ ಮಾಬೂಬಿಯಿಂದ, ಮಾಬೂಬಿಗೆ ಬರುತ್ತಿದ್ದದ್ದು ತಂಗೆವ್ವನಿಂದ. ತಂಗೆವ್ವ ತರುತ್ತಿದ್ದದ್ದು ಮೂಲೆಮನೆಯಿಂದ, ಮೂಲೆಮನೆಯವರು ನಮ್ಮಲ್ಲಿಂದ. ಇದು ಓಣಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಂದು ವರ್ಷ ತಂಗೆವ್ವನ ಮನೆಯಲ್ಲಿ ಎಲ್ಲರೂ ಜ್ವರದಿಂದ ಮಲಗಿದಾಗ ಅವ್ವ ಅವರನ್ನು ಬಾಯಿತುಂಬ ಬೈಯುತ್ತಲೇ ಮಾಬೂಬಿಯ ಕೈಯಲ್ಲಿ ಗಂಜಿ ಕಳಿಸಿದಳು. ‘ಆಕಿ ಸಲುವಾಗಿ ಅಲ್ಲ, ನಿನ್ನ ಗಡಿಗಿ ಸಲುವಾಗಿ’ ಎಂದಳು. ನಾನು ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದೆ. ಮುಂದೆ ನಾನು ಬರೆದ ಪ್ರಬಂಧಕ್ಕೆ ಬೇಕಾದ ಮೂಲಸಾಮಗ್ರಿ ಅಷ್ಟೂ ಅಲ್ಲಿತ್ತು.

ನಮ್ಮ ಊರಿಗೆ ಒಂದು ವಿಶ್ವವಿದ್ಯಾಲಯವಿದೆ. ಅದರ ದೇಶಸಂಬಂಧ ವಿಭಾಗಕ್ಕೆ ಆಗ ಪ್ರೊಫೆಸರ್ ಗುರುಸಿದ್ಧಪ್ಪ ಮುಖ್ಯಸ್ಥರು. ಎತ್ತರದ ಆಳು, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಕೊಡೆ. ಅವರ ದಪ್ಪ ಪುಸ್ತಕದ ತಿರುಳು ಒಂದೇ ಮಾತು: ಒಬ್ಬರಿಗೊಬ್ಬರು ಮಾರಿ ಕೊಂಡು ಬದುಕುವ ಎರಡು ದೇಶಗಳು ಯುದ್ಧ ಮಾಡುವುದಿಲ್ಲ. ತಲೆಮಾರಿನ ತಲೆಮಾರು ಅದನ್ನೇ ಓದಿ ಪಾಸಾಗಿತ್ತು. ನಾನು ಅವರ ಮೆಚ್ಚಿನ ವಿದ್ಯಾರ್ಥಿನಿ, ಅದನ್ನು ಎಲ್ಲರೂ ಒಪ್ಪುತ್ತಿದ್ದರು, ನಾನಂತೂ ಒಪ್ಪುತ್ತಿದ್ದೆ. ಆದರೆ ಹಳೆಯ ಯುದ್ಧಗಳನ್ನೂ ಹಳೆಯ ವ್ಯಾಪಾರದ ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಷ್ಟೂ ಆ ಮಾತು ನನಗೆ ಅರೆಬೆಂದಂತೆ ಕಂಡಿತು. ಒಬ್ಬನೇ ಕೊಡುವವನನ್ನು ನಂಬಿದ ದೇಶ ದಿನವೂ ಅವಮಾನ ನುಂಗುತ್ತದೆ, ಒಂದು ದಿನ ಕತ್ತಿ ಎತ್ತುತ್ತದೆ. ಕೊಡುವವರು ಮೂರು ನಾಲ್ಕು ಜನರಿದ್ದು, ಅವರೂ ಬೇರೆಯವರಿಂದ ತೆಗೆದುಕೊಳ್ಳುವವರಾಗಿದ್ದರೆ, ಎರಡು ಶತ್ರುದೇಶಗಳು ಕೂಡ ಒಂದರ ಬಾಗಿಲನ್ನು ಇನ್ನೊಂದು ಮುರಿಯುವುದಿಲ್ಲ. ಇದನ್ನೇ ನಾನು ಪ್ರಬಂಧವಾಗಿ ಬರೆದೆ. ಸರ್ ಮೂರನೆಯ ಅಧ್ಯಾಯದ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಅಡುಗೆಮನೆಯ ಮಾತು’ ಎಂದು ಬರೆದರು. ಆದರೂ ಪದವಿ ಕೊಟ್ಟರು, ಅಂಕಿಅಂಶಗಳಲ್ಲಿ ಹುಳುಕು ಹುಡುಕಿದರೂ ಸಿಕ್ಕಿರಲಿಲ್ಲ.

ಪದವಿ ಬಂದರೂ ನಾನು ತಾತ್ಕಾಲಿಕ ಉಪನ್ಯಾಸಕಿಯಾಗಿಯೇ ಇದ್ದೆ. ಕಾಯಂ ಹುದ್ದೆ ಎಂದು ಇದ್ದದ್ದು ಒಂದೇ, ಅದನ್ನು ಆ ವರ್ಷ ತುಂಬುವವರಿದ್ದರು. ಆಯ್ಕೆ ಸಮಿತಿಗೆ ಸರ್ ಅಧ್ಯಕ್ಷರು, ಊರಿನ ಪಂಚರು ಸದಸ್ಯರು. ಆ ಹುದ್ದೆ ತಪ್ಪಿದರೆ ನನ್ನ ಓದು ಅಲ್ಲಿಗೆ ಮುಗಿದಂತೆ, ಊರಿನಲ್ಲಿ ಇನ್ನೊಂದು ವಿಶ್ವವಿದ್ಯಾಲಯವಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಯಾವುದೋ ಕೋಣೆಯ ಬಾಗಿಲ ಮೇಲೆ ಮರದ ಹಲಗೆಯಲ್ಲಿ ನನ್ನ ಹೆಸರು ನೋಡಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ನನಗೆ ಅದಕ್ಕಿಂತ ಹೆಚ್ಚಿತ್ತು.

ಆ ವರ್ಷವೇ ಹೊಳೆನಾಡಿಗೂ ಗುಡ್ಡನಾಡಿಗೂ ಜಗಳ ಹತ್ತಿಕೊಂಡಿತು. ನಮ್ಮ ಊರು ಈ ಎರಡರ ನಡುವೆ ಇದೆ, ಎರಡಕ್ಕೂ ಸೇರಿಲ್ಲ. ಹೊಳೆನಾಡಿಗೆ ಸಮುದ್ರವಿತ್ತು, ಉಪ್ಪಿತ್ತು. ಗುಡ್ಡನಾಡಿಗೆ ಕಬ್ಬಿಣವಿತ್ತು, ಉಪ್ಪಿರಲಿಲ್ಲ. ತಲೆಮಾರುಗಳಿಂದ ಗುಡ್ಡನಾಡಿನವರು ಅವರ ಉಪ್ಪು ತಿಂದರು, ಹೊಳೆನಾಡಿನವರು ಇವರ ಕಬ್ಬಿಣದ ನೇಗಿಲಿನಲ್ಲಿ ಉತ್ತರು. ಸರ್ ಪುಸ್ತಕದ ಪ್ರಕಾರ ಇಷ್ಟು ಒಳ್ಳೆಯ ಜೋಡಿ ಲೋಕದಲ್ಲೇ ಇಲ್ಲ. ಆದರೆ ಹೊಳೆನಾಡು ಉಪ್ಪಿನ ಸುಂಕ ಏರಿಸುತ್ತಲೇ ಹೋಯಿತು, ಅದಕ್ಕೆ ಕಬ್ಬಿಣ ಹಡಗಿನಲ್ಲಿ ಬೇರೆ ಕಡೆಯಿಂದಲೂ ಬರುತ್ತಿತ್ತು. ಗುಡ್ಡನಾಡಿಗೆ ಉಪ್ಪು ಕೊಡುವವರು ಬೇರೆ ಯಾರೂ ಇರಲಿಲ್ಲ. ಅವರ ಸೈನಿಕರು ಹೊಳೆನಾಡಿಗೆ ಹೋಗುವ ಸೇತುವೆಯ ಬಳಿ ಬಂದು ಬಿಡಾರ ಹೂಡಿದರು. ಯುದ್ಧವಾದರೆ ಅದು ನಡೆಯುವುದು ನಮ್ಮ ಜೋಳದ ಹೊಲಗಳಲ್ಲೇ ಎಂದು ಊರಿನ ಎಲ್ಲರಿಗೂ ಗೊತ್ತಿತ್ತು. ನಮ್ಮ ಪಂಚರು ಓಡಾಡಿ ಇಬ್ಬರನ್ನೂ ಮಾತುಕತೆಗೆ ಒಪ್ಪಿಸಿದರು.

ಹೊಳೆನಾಡಿನಿಂದ ಮಂತ್ರಿ ಜಲಜಾದೇವಿ ಬಂದರು, ಗುಡ್ಡನಾಡಿನಿಂದ ಸೇನಾಪತಿ ಕೆಂಚನಾಯಕರು. ಇಬ್ಬರನ್ನೂ ದೊಡ್ಡ ಛತ್ರದ ಎರಡು ಭಾಗಗಳಲ್ಲಿ ಇಳಿಸಲಾಯಿತು, ಎರಡು ಅಡುಗೆಮನೆ, ಎರಡು ಕಡೆಯ ಅಡುಗೆಯವರು. ಆಗ ಹೆಪ್ಪಿನ ಪ್ರಶ್ನೆ ಬಂತು. ಛತ್ರದಲ್ಲಿ ಕೂತರೂ ನಮ್ಮ ಊರು ನಮ್ಮ ಊರೇ, ಅವರು ಗಂಟುಕಟ್ಟಿ ತಂದ ಹೆಪ್ಪು ಅವರ ಹಾಲಿಗೆ ನಾಟುವುದಿಲ್ಲ. ಯಾವ ಮನೆಯವರು ಯಾರಿಗೆ ಕೊಡಬೇಕು? ಕೊಟ್ಟರೆ ಪಕ್ಷಪಾತವಾಗುವುದಿಲ್ಲವೇ? ಪಂಚರು ಸರ್ ಅವರನ್ನು ಕೇಳಿದರು. ಸರ್ ಕೊಡೆ ಊರಿ ನಿಂತು ಹೇಳಿದರು: ‘ಊರವರು ಯಾರೂ ಕೊಡೂದು ಬ್ಯಾಡ. ಅವರವರೇ ಕೊಟ್ಟು ತೊಗೊಳ್ಳಲಿ. ದಿನಾ ಒಬ್ಬರ ಹೆಪ್ಪು ಒಬ್ಬರು ಉಂಡವರು ಮರುದಿನ ಕತ್ತಿ ಹಿಡಿಯೂದಿಲ್ಲ.’ ಇಂಥ ಯೋಚನೆ ನಮ್ಮ ಊರಿನವರಿಗಲ್ಲದೆ ಇನ್ಯಾರಿಗೂ ಹೊಳೆಯುವುದಿಲ್ಲ. ಎಲ್ಲರೂ ತಲೆದೂಗಿದರು. ಛತ್ರಕ್ಕೆ ಹೆಪ್ಪು ಕೊಟ್ಟ ಮನೆಯ ಬಾಗಿಲಿಗೆ ಇನ್ನು ಯಾರೂ ಬಟ್ಟಲು ಹಿಡಿದು ಹೋಗಕೂಡದು ಎಂದು ಡಂಗುರ ಸಾರಿಸಿದರು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಎರಡು ಅಡುಗೆಮನೆಗಳ ನಡುವೆ ಬಟ್ಟಲುಗಳು ಓಡಾಡಿದವು, ಮೊಸರು ಕಲ್ಲಿನಂತೆ ಹೆಪ್ಪುಗಟ್ಟಿತು. ಸರ್ ಪೇಟೆಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಂತು ಕೈಮುಗಿದರು. ನನಗೆ ಹೊಟ್ಟೆಯುರಿ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಟ್ಟೆಯುರಿಗಿಂತ ಹೆದರಿಕೆ ಹೆಚ್ಚಿತ್ತು. ಇಬ್ಬರಿಗೂ ಕೊಡುವವರು ಒಬ್ಬೊಬ್ಬರೇ. ಅದರಲ್ಲೂ ಜಲಜಾದೇವಿಗೆ ಮೊಸರು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಕೆಂಚನಾಯಕರಿಗೆ ಹೊಟ್ಟೆಯಲ್ಲಿ ಹುಣ್ಣು, ಮೊಸರನ್ನವಿಲ್ಲದೆ ಊಟ ಇಳಿಯುತ್ತಿರಲಿಲ್ಲ.

ಸುಂಕದ ಮಾತು ಬಂದ ದಿನ ನಾಯಕರು ಮೇಜು ಕುಟ್ಟಿದರು. ಅವತ್ತು ಸಂಜೆ ಗುಡ್ಡನಾಡಿನ ಅಡುಗೆಯವನು ಬಟ್ಟಲು ಹಿಡಿದು ಹೋದರೆ, ಹೊಳೆನಾಡಿನ ಅಡುಗೆಮನೆಯ ಬಾಗಿಲು ತೆರೆಯಲೇ ಇಲ್ಲ. ‘ದೇವಿಯವರು ನಾಳೆ ನೋಡೋಣ ಎಂದಿದ್ದಾರೆ’ ಎಂದರು ಒಳಗಿನಿಂದ. ಮರುದಿನ ಮಧ್ಯಾಹ್ನ ನಾಯಕರು ಅನ್ನಕ್ಕೆ ಹಾಲು ಕಲಸಿಕೊಂಡು ಎರಡು ತುತ್ತು ತಿಂದು, ಎಲೆ ಬಿಟ್ಟು ಎದ್ದರು. ಗುಡ್ಡನಾಡಿನಲ್ಲಿ ಆತಿಥ್ಯದ ಎಲೆಯಿಂದ ಅರ್ಧಕ್ಕೆ ಎದ್ದರೆ ಅದರ ಅರ್ಥ ಒಂದೇ, ಯುದ್ಧ. ನಾಳೆ ಬೆಳಿಗ್ಗೆಗೆ ಕುದುರೆ ಸಿದ್ಧವಿರಲಿ ಎಂದು ಅಪ್ಪಣೆಯಾಯಿತು. ಸುದ್ದಿ ಪೇಟೆಗೆ ಬಂದ ಕೂಡಲೇ ಜನ ಅಂಗಡಿ ಮುಚ್ಚತೊಡಗಿದರು.

ನಾನು ಓಡುತ್ತ ಸರ್ ಮನೆಗೆ ಹೋದೆ. ಅವರು ತಮ್ಮ ಪುಸ್ತಕವನ್ನೇ ಮುಂದಿಟ್ಟುಕೊಂಡು ಕೂತಿದ್ದರು.

‘ಸರ್, ಅವರಿಗೆ ಕೊಡೋರು ಒಬ್ಬರೇ ಇದ್ದಾರ. ಅದಕ್ಕ ಹಿಂಗಾತು. ಊರವರು ಕೊಡಬೇಕು.’

‘ಅವಸರ ಮಾಡಬ್ಯಾಡ. ಇನ್ನೂ ಸ್ವಲ್ಪ ದಿನ ಬಿಟ್ಟರ ತಾವಾಗೇ ಸರಿ ಆಗ್ತಾರ.’

‘ನಾಳೆ ಬೆಳಿಗ್ಗೆ ಕುದುರಿ ಏರ್ತಾರ, ಸರ್. ಸ್ವಲ್ಪ ದಿನ ಎಲ್ಲಿಂದ ತರೋದು?’

ಅವರು ಕನ್ನಡಕ ತೆಗೆದು ಒರೆಸಿದರು. ‘ರತ್ನಮಾಲಾ, ನೀ ಏನ ಮಾಡಾಕ ಹೊಂಟೀ ಅಂತ ನನಗ ತಿಳೀತೈತಿ. ಬ್ಯಾಡ. ಮುಂದಿನ ವಾರ ಸಮಿತಿ ಕೂಡತೈತಿ. ಅಲ್ಲಿ ಪಂಚರು ಇರ್ತಾರ. ಆಜ್ಞಾ ಮುರದಾಕಿ ಪರವಾಗಿ ನಾ ಹೆಂಗ ಮಾತಾಡ್ಲಿ? ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ.’

ಅವರು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು, ಅದು ನನಗೆ ಗೊತ್ತಿತ್ತು. ಅದರಿಂದಲೇ ಇನ್ನಷ್ಟು ಸಿಟ್ಟು ಬಂತು. ನಮಸ್ಕಾರ ಹೇಳದೆ ಎದ್ದು ಬಂದೆ.

ಮನೆಗೆ ಬಂದರೆ ಅವ್ವ ಹಾಲು ಕಾಯಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

‘ನಾವು ಕೊಟ್ಟರ ನಮ್ಮ ಬಾಗಿಲಿಗೆ ಯಾರೂ ಬರೂದಿಲ್ಲಲ್ಲಾ.’

‘ಬರೂದಿಲ್ಲ. ನನ್ನ ಹುದ್ದೆನೂ ಹೋಗಬಹುದು.’

‘ಹುದ್ದೆ ಹೋದ್ರ ಹಲಿಗಿ?’

‘ಹಲಿಗಿನೂ ಇಲ್ಲ.’

ಅವ್ವ ಒಲೆಯ ಉರಿ ಸಣ್ಣ ಮಾಡಿದಳು. ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ‘ನಮ್ಮದೊಂದೇ ಮನಿ ಸಾಲೂದಿಲ್ಲವ್ವಾ. ಈಗ ಹೊಳೆನಾಡಿಗೆ ಜೋತು ಬಿದ್ದೋರು ನಾಳೆ ನಮಗ ಜೋತು ಬೀಳ್ತಾರ. ಮೂರು ನಾಕು ಮನಿ ಬೇಕು. ಒಂದು ಮಾಬೂಬಿ ಚಿಗವ್ವಂದು. ಇನ್ನೊಂದು ತಂಗೆವ್ವಂದು.’

‘ಆಕಿನ್ಯಾಕ?’

‘ನಮಗ ಬೇಕಾದವರಷ್ಟೇ ಹೋದ್ರ ಅದು ನಮ್ಮ ಗುಂಪು ಅಂತಾರ. ನೀನೂ ಆಕಿನೂ ಕೂಡಿ ಹೋದ್ರ ಓಣಿಗೆ ಓಣಿನೇ ಹೋದಂಗ.’

ಅವ್ವ ನನ್ನ ಕಡೆ ತಿರುಗಿದಳು. ‘ಈ ಮಾತು ನಿನ್ನ ಪುಸ್ತಕದಾಗ ಐತೇನು?’

‘ಐತಿ.’

‘ಅದನ್ನ ಪಾಸು ಮಾಡ್ಯಾರೇನು?’

‘ಮಾಡ್ಯಾರ.’

‘ಹಂಗಾರ ನಡಿ’ ಎಂದು ಎದ್ದು ಸೆರಗು ಸಿಕ್ಕಿಸಿಕೊಂಡಳು. ಜೀವಮಾನದಲ್ಲಿ ನನ್ನ ಪ್ರಬಂಧಕ್ಕೆ ಎಷ್ಟೋ ಮನ್ನಣೆಗಳು ಬಂದಿವೆ. ಅವ್ವ ಆ ಸೆರಗು ಸಿಕ್ಕಿಸಿಕೊಂಡದ್ದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಬಿಸಿಲು ಇನ್ನೂ ಇಳಿದಿರಲಿಲ್ಲ. ತಂಗೆವ್ವ ತನ್ನ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅವ್ವ ಬೀದಿ ದಾಟಿ ಎದುರು ನಿಂತದ್ದನ್ನು ನೋಡಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಅವ್ವ ನನ್ನ ಕಡೆ ತಿರುಗಿ, ‘ರತ್ನಿ, ಛತ್ರದಾಗ ಏನಾಗೈತಿ ಅಂತ ಆಕಿಗೆ ಹೇಳು’ ಎಂದಳು. ನಾನು ಹೇಳಿದೆ. ತಂಗೆವ್ವ ನನ್ನ ಕಡೆ ನೋಡಿ, ‘ಅದಕ್ಕ ನಾ ಏನ ಮಾಡ್ಬೇಕಂತ, ನಿಮ್ಮವ್ವನ್ನ ಕೇಳು’ ಎಂದಳು. ನಾನು ಕೇಳಿದೆ. ಒಂದು ಮಾರು ದೂರದಲ್ಲಿ ನಿಂತ, ಒಂದೇ ಭಾಷೆಯ ಇಬ್ಬರು ಹೆಂಗಸರ ನಡುವೆ ನಾನು ಆ ಮಾತನ್ನು ಈ ಕಡೆ, ಈ ಮಾತನ್ನು ಆ ಕಡೆ ಸಾಗಿಸಿದೆ. ಮುಂದೆ ಎಷ್ಟೋ ದೇಶಗಳ ನಡುವೆ ಸಂಧಾನಕ್ಕೆ ಕೂತಿದ್ದೇನೆ. ಇಷ್ಟು ಬೆವರಿದ್ದು ಅಲ್ಲೊಂದೇ ಕಡೆ.

ಕೊನೆಗೆ ತಂಗೆವ್ವ ಮೊರ ಪಕ್ಕಕ್ಕಿಟ್ಟಳು. ‘ಕೇಳಾಕ ಬಂದಾಳೋ, ಹೇಳಾಕ ಬಂದಾಳೋ? ಅಷ್ಟು ಹೇಳು ಅನ್ನು.’

ನಾನು ಬಾಯಿ ತೆರೆಯುವ ಮೊದಲೇ ಅವ್ವ, ‘ಕೇಳಾಕ ಬಂದೀನಿ’ ಎಂದಳು, ನೇರವಾಗಿ ಅವಳಿಗೇ. ಓಣಿಯಲ್ಲಿ ಯಾರ್ಯಾರು ಕಿಟಕಿಯ ಹಿಂದೆ ನಿಂತಿದ್ದರೋ, ಎಲ್ಲರಿಗೂ ಕೇಳಿಸಿರಬೇಕು.

ತಂಗೆವ್ವ ಎದ್ದು ಸೀರೆ ಕೊಡವಿಕೊಂಡಳು. ‘ನನ್ನ ಮೊಸರು ನೀರು ಬಿಡೂದಿಲ್ಲ, ಗೊತ್ತಿರಲಿ.’

‘ನಂದೂ ಬಿಡೂದಿಲ್ಲ.’

ಇಷ್ಟೇ ಮಾತು. ತಂಗೆವ್ವ ಒಳಗೆ ಹೋಗಿ ಎರಡು ಬಟ್ಟಲು ತಂದಳು, ನಾಯಕರ ಕಡೆಗೊಂದು, ದೇವಿಯ ಕಡೆಗೊಂದು. ಅವ್ವನ ಕೈಯಲ್ಲೂ ಎರಡು. ಮಾಬೂಬಿ ಚಿಗವ್ವ ಕರೆಯುವ ಮೊದಲೇ ಬಾಗಿಲಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಮೂಲೆಮನೆಯವರು ಸೇರಿಕೊಂಡರು. ಆಮೇಲೆ ಯಾರು ಯಾರು ಬಂದರೋ ನನಗೆ ತಿರುಗಿ ನೋಡಲು ಧೈರ್ಯವಾಗಲಿಲ್ಲ, ಹಿಂದಿನಿಂದ ಬಳೆಗಳ ಸದ್ದು ಮಾತ್ರ ಹೆಚ್ಚಾಗುತ್ತ ಹೋಯಿತು. ಪೇಟೆಯ ಕಟ್ಟೆಯ ಮೇಲೆ ಪಂಚರು ಕೂತಿದ್ದರು, ಪಕ್ಕದಲ್ಲಿ ಸರ್ ನಿಂತಿದ್ದರು. ಒಬ್ಬ ಪಂಚರು ಎದ್ದು ‘ಏಯ್’ ಎನ್ನುವಷ್ಟರಲ್ಲಿ ಗುಂಪಿನಲ್ಲಿ ತಮ್ಮ ಹೆಂಡತಿಯನ್ನು ಕಂಡು ಕೂತರು. ಸರ್ ನನ್ನನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ನನ್ನ ಹುದ್ದೆ ಅಲ್ಲೇ ಆ ಕಟ್ಟೆಯ ಮೇಲೆ ಉಳಿಯಿತು ಎಂದುಕೊಂಡು ಮುಂದೆ ನಡೆದೆ. ಕಣ್ಣಲ್ಲಿ ನೀರು ಬಂದಿತ್ತು, ಕೈಯಲ್ಲಿ ಬಟ್ಟಲಿದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ಛತ್ರದ ಕಾವಲುಗಾರ ಮಾಬೂಬಿ ಚಿಗವ್ವನ ಮನೆಯಿಂದ ಹೆಪ್ಪು ಒಯ್ಯುವವನು. ಅವಳನ್ನು ನೋಡಿ ದಾರಿ ಬಿಟ್ಟ. ಅರ್ಧ ಹೆಂಗಸರು ಎಡಕ್ಕೆ ಹೋದರು, ಅರ್ಧ ಬಲಕ್ಕೆ. ಹೊಳೆನಾಡಿನವರು ತಮಗೂ ಬಂದಿತೆಂದು ಬೆರಗಾಗಿ ತೆಗೆದುಕೊಂಡರು. ಈ ಕಡೆ ಕೆಂಚನಾಯಕರೇ ಎದ್ದು ಹೊರಗೆ ಬಂದರು. ಸಾಲಾಗಿ ಇಟ್ಟ ಬಟ್ಟಲುಗಳನ್ನು ನೋಡಿ, ‘ಇದಕ್ಕೆ ಬದಲಾಗಿ ನಾವು ಏನು ಕೊಡಬೇಕು?’ ಎಂದರು. ಆ ದಪ್ಪ ಮೀಸೆಯ ಹಿಂದೆ ದನಿ ಸಣ್ಣದಾಗಿತ್ತು.

ತಂಗೆವ್ವ ಹೇಳಿದಳು: ‘ನಾಳೆ ನಮಗೂ ಒಂದು ಚಮಚ ಕಳಸ್ರಿ. ಪರದೇಶದ ಹೆಪ್ಪು ಹೆಂಗಿರತೈತಿ ನೋಡೂಣು.’

ನಾಯಕರು ನಕ್ಕರು. ಎಲೆ ಬಿಟ್ಟು ಎದ್ದವರು ನಕ್ಕದ್ದು ಗುಡ್ಡನಾಡಿನ ಇತಿಹಾಸದಲ್ಲಿ ಅದೇ ಮೊದಲಿರಬೇಕು. ಮರುದಿನ ಬೆಳಿಗ್ಗೆ ಎರಡೂ ಅಡುಗೆಮನೆಗಳಲ್ಲಿ ಮೊಸರು ಹೆಪ್ಪುಗಟ್ಟಿತ್ತು, ಕುದುರೆಗಳ ಜೀನು ಇಳಿಸಿದ್ದರು. ಮಾತುಕತೆ ಶುರುವಾದ ಮೇಲೆ ನಾಯಕರು, ನಿನ್ನೆ ಆ ಹೆಂಗಸರನ್ನು ಕರೆತಂದ ಹುಡುಗಿಯನ್ನು ಕರೆಯಿರಿ ಎಂದು ಹೇಳಿಕಳಿಸಿದರು.

ನಾನು ಹೋಗಿ ನಿಂತೆ. ನನ್ನ ಪ್ರಬಂಧದ ತಿರುಳನ್ನೇ ಅವರ ಉಪ್ಪಿಗೆ ಹೊಂದಿಸಿ ಹೇಳಿದೆ. ಮೂಡಲ ಮರಳುನಾಡಿನಲ್ಲಿ ಉಪ್ಪಿನ ಹಳ್ಳಗಳಿವೆ, ಅಲ್ಲಿಂದ ನಮ್ಮ ಪೇಟೆಯ ಮೂಲಕ ಗುಡ್ಡನಾಡಿಗೆ ಒಂದು ದಾರಿ ತೆರೆಯಬೇಕು, ಆ ದಾರಿಯನ್ನು ಹೊಳೆನಾಡು ತಡೆಯಬಾರದು. ಹೊಳೆನಾಡಿನ ಬಟ್ಟೆಗೆ ಅದೇ ದಾರಿ ಮರಳುನಾಡಿನ ತನಕ ತೆರೆದಿರಬೇಕು. ಜಲಜಾದೇವಿ ಬುದ್ಧಿವಂತೆ. ಕೊರಳ ಸರ ತಿರುಗಿಸುತ್ತ ಕೇಳಿದರು: ‘ಉಪ್ಪಿನ ವ್ಯಾಪಾರ ಪೂರ್ತಿ ನಮ್ಮ ಕೈಯಲ್ಲಿದೆ. ಅದನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರೆ ನಮಗೇನು ಲಾಭ?’

ನಾನು ಹೇಳಿದೆ: ‘ಕೊಡುವವರು ನೀವೊಬ್ಬರೇ ಇರುವ ತನಕ, ತೆಗೆದುಕೊಳ್ಳುವವರು ದಿನವೂ ನಿಮ್ಮ ಬಾಗಿಲು ಮುರಿಯುವ ಯೋಚನೆಯಲ್ಲೇ ಮಲಗುತ್ತಾರೆ. ಇನ್ನೊಂದು ಮನೆ ಇದೆ ಎಂದು ಗೊತ್ತಾದ ದಿನ ಅವರು ನಿಮ್ಮ ಗಿರಾಕಿಗಳಾಗುತ್ತಾರೆ. ಸೇತುವೆಯ ಕಾವಲಿಗೆ ನೀವು ಸುರಿಯುವುದು ಉಳಿಯುತ್ತದೆ, ನಿಮ್ಮ ಹುಡುಗರೂ ಉಳಿಯುತ್ತಾರೆ.’

ದೇವಿ ಅವತ್ತು ಒಪ್ಪಲಿಲ್ಲ. ಎಳೆದಾಡಿ, ಅಳೆದು ತೂಗಿ, ಕೊನೆಗೆ ಒಪ್ಪಿದರು. ಆ ಒಪ್ಪಂದ ಇವತ್ತಿಗೂ ನಿಂತಿದೆ. ಎರಡು ದೇಶಗಳು ಒಂದನ್ನೊಂದು ಇನ್ನೂ ಬೈಯುತ್ತವೆ, ಪ್ರತಿ ವರ್ಷ ಯಾವುದಾದರೊಂದು ತಕರಾರು ಇದ್ದೇ ಇರುತ್ತದೆ. ನಮ್ಮ ಜೋಳದ ಹೊಲಗಳಲ್ಲಿ ಜೋಳವೇ ಬೆಳೆಯುತ್ತದೆ. ಇದನ್ನು ಮಾಡಿದವರಲ್ಲಿ ನಾನೂ ಒಬ್ಬಳು, ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಡಂಗುರ ಹೊಡೆಸಿದ ಆಜ್ಞೆಯನ್ನು ಯಾರೂ ವಾಪಸ್ಸು ಪಡೆಯಲಿಲ್ಲ. ಓಣಿಗೆ ಓಣಿಯನ್ನೇ ದೂರ ಇಟ್ಟರೆ ಪಂಚರ ಮನೆಗಳಲ್ಲೇ ಮೊಸರಿರುವುದಿಲ್ಲ,  ಆದ್ದರಿಂದ ಎಲ್ಲರೂ ಅದನ್ನು ಮರೆತರು.

ಸಮಿತಿಯವರು ಮಾತ್ರ ನನ್ನನ್ನು ಮರೆತಿರಲಿಲ್ಲ. ಛತ್ರಕ್ಕೆ ಬಟ್ಟಲು ಒಯ್ದ ಮರುವಾರ ಸಂದರ್ಶನಕ್ಕೆ ಹೋದೆ. ಕೂತ ಕೂಡಲೇ ಒಬ್ಬ ಪಂಚರು, ‘ಊರಿನ ಮಾತು ಮೀರಿದಾಕಿ ನಾಳೆ ಹುಡುಗರಿಗೆ ಏನ ಕಲಸ್ತಾಳ?’ ಎಂದರು. ಸರ್ ನನ್ನ ಪ್ರಬಂಧ ತೆರೆದು ಪ್ರಶ್ನೆ ಕೇಳತೊಡಗಿದರು. ಒಂದಕ್ಕಿಂತ ಒಂದು ಕಠಿಣ. ಹಿಂದೆ ಪದವಿ ಪರೀಕ್ಷೆಯಲ್ಲೂ ಅವರು ನನ್ನನ್ನು ಹಾಗೆ ಅರೆದಿರಲಿಲ್ಲ. ನನ್ನನ್ನು ಬೀಳಿಸಲೆಂದೇ ಕೇಳುತ್ತಿದ್ದಾರೆ ಎಂದುಕೊಂಡೆ, ಆ ಸಿಟ್ಟಿನಲ್ಲೇ ಒಂದೊಂದಕ್ಕೂ ಉತ್ತರ ಕೊಟ್ಟೆ. ಪಂಚರು ಆಕಳಿಸತೊಡಗಿದ ಮೇಲೆ ಅವರು ಪ್ರಬಂಧ ಮುಚ್ಚಿ ಸಮಿತಿಯ ಕಡೆ ತಿರುಗಿದರು.

‘ಈಕಿ ಹೇಳೂದೆಲ್ಲಾ ಸರಿ ಅಂತ ನಾ ಇನ್ನೂ ಒಪ್ಪಿಲ್ಲ. ಆದ್ರ ನನ್ನ ಪುಸ್ತಕ ಪೂರಾ ಸರಿ ಅಲ್ಲ ಅನ್ನೂದನ್ನ ಊರೇ ಕಣ್ಣಾರೆ ನೋಡೈತಿ. ಅದನ್ನ ತೋರಿಸಿದಾಕಿ ನನ್ನ ಕಡೆನೇ ಕಲತಾಕಿ. ಈಕಿಗೆ ಈ ಹುದ್ದೆ ಕೊಡಲಿಲ್ಲಂದ್ರ, ನಾ ಇಷ್ಟು ವರ್ಷ ಏನ ಕಲಿಸಿದೆ ಅಂತ ನಾನೇ ಕೇಳ್ಕೋಬೇಕಾಗತೈತಿ.’ ಹೀಗೆಂದು ಮೊದಲು ತಾವು ಸಹಿ ಹಾಕಿ, ಕಾಗದವನ್ನು ಪಂಚರ ಕಡೆ ಸರಿಸಿದರು. ಅವರೂ ಹಾಕಿದರು. ನಾನು ಸರ್ ಕಾಲಿಗೆ ಬೀಳಲು ಹೋದರೆ, ‘ಇದೇನು ಗುಡಿ ಅಲ್ಲ, ಹೋಗಿ ಪಾಠ ತಯಾರು ಮಾಡ್ಕೋ’ ಎಂದು ಗದರಿ ಕಳಿಸಿದರು.

ಹಲಗೆ ಹಾಕಿದ ದಿನ ಅವ್ವ ಬಂದು ಅಕ್ಷರಗಳ ಮೇಲೆ ಬೆರಳಾಡಿಸಿ, ಇಷ್ಟು ಸಣ್ಣ ಹೆಸರೇನು, ಅಪ್ಪನ ಹೆಸರೂ ಸೇರಿಸಬಾರದಿತ್ತೇ ಎಂದು ಆಕ್ಷೇಪಿಸಿ ಹೋದಳು. ನಾನು ಕಾಯಂ ಆದ ಮೇಲಿನ ನನ್ನ ಮೊದಲ ತರಗತಿಗೆ ಹೋದೆ. ವಿದ್ಯಾರ್ಥಿಗಳು ಎದ್ದು ನಿಂತು ಕೂತರು. ನೋಡಿದರೆ ಕೊನೆಯ ಬೆಂಚಿನಲ್ಲಿ, ಹುಡುಗರ ನಡುವೆ, ಕೊಡೆಯನ್ನು ಮೊಣಕಾಲಿಗೆ ಒರಗಿಸಿಕೊಂಡು ಸರ್ ಕೂತಿದ್ದರು.  ಹೇಗೋ ಪಾಠ ಶುರುಮಾಡಿದೆ. ಉಪ್ಪಿನ ದಾರಿಯ ಒಪ್ಪಂದದ ಕಥೆ ಹೇಳಿ, ಇದರಿಂದ ನನ್ನ ಸಿದ್ಧಾಂತ ಸಾಬೀತಾಯಿತು ಎಂದು ಹೇಳಿ ಮುಗಿಸುವಷ್ಟರಲ್ಲಿ ಅವರು ಕೈ ಎತ್ತಿದರು.

‘ಹೊಳೆನಾಡು ಒಪ್ಪಿದ್ದು ನಿನ್ನ ಮಾತಿಗೋ, ಸೇತುವೆ ಹತ್ರ ನಿಂತ ಸೈನ್ಯಕ್ಕ ಹೆದರಿಯೋ? ಎರಡೂ ಒಂದೇ ಹೊತ್ತಿನಾಗ ಇದ್ವು. ಯಾವುದರಿಂದ ಆತು ಅಂತ ಹೆಂಗ ಬೇರೆ ಮಾಡ್ತಿ?’

ನಾನು ಒಂದು ಕಾರಣ ಕೊಟ್ಟೆ. ಅವರು ಅದನ್ನು ಎರಡು ಮಾತಿನಲ್ಲಿ ಕತ್ತರಿಸಿದರು. ನಾನು ಹಳೆಯ ಯುದ್ಧಗಳ ಉದಾಹರಣೆ ಎಳೆದೆ, ಅವರು ಎದ್ದು ನಿಂತು ಬೇರೆ ಯುದ್ಧಗಳ ಉದಾಹರಣೆ ತಂದರು. ನಾನು ಸೀಮೆಸುಣ್ಣ ಹಿಡಿದು ಕರಿಹಲಗೆಯ ತುಂಬ ದೇಶಗಳನ್ನೂ ದಾರಿಗಳನ್ನೂ ಬರೆದೆ, ಅವರು ಬಂದು ಅದರಲ್ಲಿ ಮೂರು ದಾರಿ ಅಳಿಸಿ, ‘ಈಗ ಹೇಳು’ ಎಂದರು. ಇಬ್ಬರ ದನಿಯೂ ಏರಿತು. ಹುಡುಗರು ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ಕತ್ತು ತಿರುಗಿಸುತ್ತ ಕೂತಿದ್ದರು. ಇಷ್ಟು ವರ್ಷ ಅವರು ನನ್ನನ್ನು ತಿದ್ದಿದ್ದರು, ಗದರಿದ್ದರು, ಕೆಂಪು ಶಾಯಿಯಲ್ಲಿ ಬರೆದಿದ್ದರು. ನನ್ನ ಜೊತೆ ವಾದಕ್ಕೆ ನಿಂತದ್ದು ಅವತ್ತೇ ಮೊದಲು. ನಾನು ಸೋಲುತ್ತಿದ್ದೆ, ಆದರೂ ಖುಷಿಯಿಂದ ಎದೆ ಉಬ್ಬಿ ಬರುತ್ತಿತ್ತು.

ಗಂಟೆ ಹೊಡೆಯಿತು. ಸರ್ ಕೈಯ ಸುಣ್ಣ ಕೊಡವಿ, ಕೊಡೆ ಎತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿದರು. ‘ನಾಳೆ ಮತ್ತ ಬರ್ತೀನಿ. ತಯಾರಾಗಿ ಬಾ’ ಎಂದರು.